ಫ್ಯಾಟ್ ಮಷೀನು ಬಲಿತ ಕಥೆ

ನಮ್ಮ ಸೀಮೆಯಲ್ಲಿ ಯಾರ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಾರೆ. ಇದು ತೆಂಗು ಕಲಿಸಿದ ಬುದ್ಧಿ. ಅಟ್ಟಕ್ಕೆ ಹಾಕಿದ ಕಾಯಿ ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ಗಲಗಲ ಎಂದರೆ ಬಲಿತಿದೆ, ಸುಲಿಯಬಹುದು. ಸುಮ್ಮನಿದ್ದರೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ. ಈ ಅಭ್ಯಾಸ ಕಾಯಿಯ ಮಟ್ಟಿಗೆ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಮ್ಮವರು ಬೀಗರು ತಂದ ಸಿಹಿ ಡಬ್ಬವನ್ನೂ ಅಲ್ಲಾಡಿಸುತ್ತಾರೆ, ಅಂಚೆಯಲ್ಲಿ ಬಂದ ಪಾರ್ಸೆಲ್ಲನ್ನೂ ಅಲ್ಲಾಡಿಸುತ್ತಾರೆ, ಔಷಧಿ ಅಂಗಡಿಯಲ್ಲಿ ಮಾತ್ರೆ ಡಬ್ಬಿ ಅಲ್ಲಾಡಿಸಿ, ‘ಇದು ಚೆನ್ನಾಗಿ ಮಾತಾಡ್ತೈತೆ, ಇದೇ ಕೊಡಿ’ ಎನ್ನುತ್ತಾರೆ.

ನಮ್ಮ ಹೊನ್ನವಳ್ಳಿಯಲ್ಲಿ ಈ ವಿದ್ಯೆಗೆ ತಿಮ್ಮಯ್ಯನದೇ ಕೊನೆಯ ಮಾತು. ಅವನು ಒಂದು ಕಾಯಿ ಎತ್ತಿ, ಕಣ್ಣು ಮುಚ್ಚಿ, ಎರಡು ಸಲ ಅಲ್ಲಾಡಿಸಿ, ಸಂಗೀತ ಕೇಳಿದವನ ಹಾಗೆ ತಲೆದೂಗಿ ‘ಆಗೈತೆ’ ಎಂದರೆ ತಿಪಟೂರಿನ ವ್ಯಾಪಾರಿಯೂ ಎದುರಾಡುತ್ತಿರಲಿಲ್ಲ. ಹೆಣ್ಣು ನೋಡಲು ಹೋಗುವವರು ಸಹ ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅವನು ಏನನ್ನು ಅಲ್ಲಾಡಿಸುತ್ತಿದ್ದನೋ ನನಗೆ ತಿಳಿಯದು.

ಈಗ ನಮ್ಮ ಎದುರು ಮನೆಯ ಬಸವರಾಜಪ್ಪನ ವಿಷಯ. ಅವನು ರೇಡಿಯೋ ರಿಪೇರಿಯನ್ನು ಅಂಚೆಯ ಮೂಲಕ ಕಲಿತವನು. ಅಂಚೆ ತಡವಾಗಿ ಬರುತ್ತಿದ್ದುದರಿಂದ ವಿದ್ಯೆಯೂ ತಡವಾಗಿ ಬಂತು, ಕೆಲವು ಪಾಠ ದಾರಿಯಲ್ಲೇ ಕಳೆದುಹೋದವು ಎಂಬುದು ಅವನ ಹೆಂಡತಿ ಸರ್ವಮಂಗಳಳ ಅಭಿಪ್ರಾಯ. ಪಡಸಾಲೆಯ ಕಿಟಕಿಯ ಪಕ್ಕ ಅವನ ಮೇಜು. ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ರೇಡಿಯೋಗಳು, ಟೇಪ್‌ರೆಕಾರ್ಡರುಗಳು, ಅವುಗಳ ನಡುವೆ ಬಸವರಾಜಪ್ಪ. ಅವನು ಬೆಸುಗೆ ಕಡ್ಡಿಯನ್ನು ಬಿಸಿ ಮಾಡಿಕೊಂಡು ಕುಳಿತನೆಂದರೆ ಮನೆಗೆ ಬೆಂಕಿ ಬಿದ್ದರೂ ಅದು ತನ್ನ ಕಡ್ಡಿಯದೇ ಹೊಗೆ ಎಂದುಕೊಳ್ಳುತ್ತಿದ್ದ.

ಆ ಮನೆಯಲ್ಲಿ ಬೆಳಕಿರುವುದು ಆ ಒಂದು ಕಿಟಕಿಯಲ್ಲಿ. ಸರ್ವಮಂಗಳ ಸ್ತ್ರೀಶಕ್ತಿ ಸಂಘದಿಂದ ಒಂದು ಹೊಲಿಗೆ ಮಷೀನು ತಂದಿದ್ದಳು. ಅದು ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು, ಹೊಸ ಸೊಸೆಯ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಮೇಜು ಕಿಟಕಿ ಬಿಡಬೇಕು, ಮಷೀನು ಕಿಟಕಿಗೆ ಬರಬೇಕು ಎಂದು ಅವಳು. ಮೇಜು ಕಿಟಕಿ ಬಿಟ್ಟರೆ ತಾನು ಕೆಲಸವನ್ನೇ ಬಿಟ್ಟಂತೆ ಎಂದು ಅವನು. ಇದು ಬಹಳ ಕಾಲದಿಂದ ನಡೆಯುತ್ತಿದ್ದ ವ್ಯಾಜ್ಯ. ನಮ್ಮ ಜಗಲಿಯ ಮೇಲೆ ಕುಳಿತರೆ ಎರಡೂ ಕಡೆಯ ವಾದ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೀಗಾಗಿ ನಾನು ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದೆ.

ಆಗ ಊರಿಗೆ ಮೊಬೈಲು ಬಂದಿರಲಿಲ್ಲ, ಆದರೆ ಡೈರಿಗೆ ಫ್ಯಾಟ್ ಮಷೀನು ಬಂದಿತ್ತು. ಒಂದು ಗುಟುಕು ಹಾಲು ಹೀರಿ, ಗೊರಗೊರ ಎಂದು, ಅದರಲ್ಲಿ ಕೊಬ್ಬೆಷ್ಟು ಎಂದು ಕೆಂಪು ಅಂಕಿಯಲ್ಲಿ ಹೇಳುವ ಪೆಟ್ಟಿಗೆ ಅದು. ಒಂದು ಬೆಳಿಗ್ಗೆ ಅದು ಹಾಲು ಹೀರಿದ್ದೇ ಸರಿ, ಅಂಕಿ ಹೇಳಲಿಲ್ಲ. ತುಮಕೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಒಳಗಿನ ಹಸಿರು ಹಲಗೆಯನ್ನು ಕಿತ್ತು, ಅದರ ಮೇಲಿನ ಕಪ್ಪು ಬಿಲ್ಲೆಯೊಂದನ್ನು ತೋರಿಸಿ, ‘ಐಸಿ ಹೋಗಿದೆ’ ಎಂದ. ಹೊಸ ಐಸಿಯನ್ನೂ ತರಿಸಿಕೊಟ್ಟ. ಆದರೆ ಅದನ್ನು ಕೂರಿಸಲು ಬಿಸಿ ಗಾಳಿ ಊದುವ ಯಂತ್ರ ಬೇಕು, ಅದು ಬೆಂಗಳೂರಲ್ಲಿದೆ, ಅಲ್ಲಿ ಸರದಿ ದೊಡ್ಡದಿದೆ ಎಂದು ಹೇಳಿ ಬಸ್ಸು ಹತ್ತಿದ. ಮಷೀನು ಏಳುವ ತನಕ ಹೊನ್ನವಳ್ಳಿಯ ಹಾಲು ಪಕ್ಕದ ಹಳ್ಳಿಯ ಡೈರಿಗೆ ಹೋಗಲಿ ಎಂದು ಮೇಲಿನಿಂದ ಹೇಳಿ ಕಳುಹಿಸಿದರು. ಇಷ್ಟು ದೊಡ್ಡ ಊರಿನವರು ಅಷ್ಟು ಸಣ್ಣ ಹಳ್ಳಿಗೆ ಕ್ಯಾನು ಹೊತ್ತುಕೊಂಡು ಹೋಗುವುದೆ! ಊರಿಗೆ ಊರೇ ಮುಖ ಸಿಂಡರಿಸಿತು.

ಡೈರಿಯ ಸೆಕ್ರೆಟರಿ ಕಲ್ಲೇಶ ಆ ಐಸಿಯನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಡೈರಿಯ ಮುಂದೆ ಸೇರಿದವರಿಗೆಲ್ಲ ತೋರಿಸುತ್ತಿದ್ದ. ಎಲ್ಲರೂ ಡಬ್ಬಿಯನ್ನು ಒಂದು ಸಲ ಅಲ್ಲಾಡಿಸಿ ಮುಂದಿನವರಿಗೆ ಕೊಡುತ್ತಿದ್ದರು. ಬಸವರಾಜಪ್ಪನ ಕೈಗೂ ಬಂತು.

‘‘ಬಿಸಿ ಗಾಳಿ ಯಾತಕ್ಕಪ್ಪ? ಊದಿ ಆರಿಸೋಕೆ ಇದೇನು ರಾಗಿ ಅಂಬಲಿಯಾ?’’ ಎಂದ ಬಸವರಾಜಪ್ಪ. ‘‘ಕೈಯಲ್ಲೇ ಹಾಕಿದ್ರಾಯ್ತು.’’

‘‘ಆಗ್ತದಾ ಬಸಣ್ಣ?’’ ಎಂದ ಕಲ್ಲೇಶ.

‘‘ಆಗ್ತದಾ ಅಂತಾನೆ! ಎಷ್ಟು ರೇಡಿಯೋ ನೋಡಿದೀನಿ ಕಣ್ಲಾ ನಾನು!’’

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಸವರಾಜಪ್ಪನ ಕನ್ನಡಕ ಆಗ ಮನೆಯಲ್ಲಿತ್ತು. ಕನ್ನಡಕವಿಲ್ಲದೆ ನೋಡಿದವನಿಗೆ ಆ ಐಸಿಗೆ ಕಾಲುಗಳೇ ಕಾಣಲಿಲ್ಲ. ಸಣ್ಣ ಕಪ್ಪು ಬಿಲ್ಲೆ, ಅದರ ನಾಲ್ಕು ಕಡೆ ನಾಲ್ಕು ಬೆಳ್ಳಿ ಗೆರೆ. ನಾಲ್ಕು ಗೆರೆ ಬೆಸೆಯುವುದು ಯಾವ ಮಹಾ ಕೆಲಸ! ಹೀಗೆ ಮನುಷ್ಯನಿಗೆ ಧೈರ್ಯ ಬರುವುದು ಕನ್ನಡಕ ಮರೆತಾಗಲೇ.

ಮಷೀನನ್ನೂ ಡಬ್ಬಿಯನ್ನೂ ಮನೆಗೆ ತಂದು ಕನ್ನಡಕ ಹಾಕಿದ. ಅದರ ಮೇಲೆ ಭೂತಗನ್ನಡಿ ಹಿಡಿದ. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ಮತ್ತೆ ನೋಡತೊಡಗಿದ. ನಾನು ಅಕ್ಕಿ ಮೊರ ಕೆಳಗಿಟ್ಟು ಹೋಗಿ ನೋಡಿದೆ.

‘‘ಏನಪ್ಪ?’’

‘‘ಹನುಮಕ್ಕ, ಇದಕ್ಕೆ ಕಾಲು ಐತೆ’’ ಎಂದ ಸಣ್ಣ ದನಿಯಲ್ಲಿ. ‘‘ಒಂದು ಕಡೆಗೆ ಹದಿನಾರು. ಒಟ್ಟು ಅರವತ್ನಾಲ್ಕು.’’

ಭೂತಗನ್ನಡಿಯಲ್ಲಿ ನಾನೂ ಇಣುಕಿದೆ. ಕಾಲೆಂದರೆ ಎಂಥ ಕಾಲು! ಕೂದಲಿಗಿಂತ ಸ್ವಲ್ಪ ದಪ್ಪ, ಎರಡು ಕಾಲಿನ ನಡುವೆ ಇನ್ನೊಂದು ಕೂದಲು ತೂರುವಷ್ಟು ಸಂದು. ಎಲ್ಲವೂ ಮಂಡಿ ಮಡಿಸಿ, ಪಂಕ್ತಿಗೆ ಕುಳಿತವರಂತೆ ಸಾಲಾಗಿ ಕುಳಿತಿವೆ. ಬಸವರಾಜಪ್ಪನ ಬೆಸುಗೆ ಕಡ್ಡಿಯನ್ನು ನೋಡಿದೆ. ಅದರ ಮೂತಿ ನನ್ನ ಹೆಬ್ಬೆರಳಿನಷ್ಟು.

ಒಳಗಿನಿಂದ ಸರ್ವಮಂಗಳ ಬಂದಳು. ಅವಳಿಗೆ ಸುದ್ದಿ ಡೈರಿಯಿಂದ ಗಂಡನಿಗಿಂತ ಮೊದಲೇ ಬಂದಿತ್ತು.

‘‘ಊರ ಮುಂದೆ ಒಪ್ಕೊಂಡು ಬಂದ್ರಂತೆ?’’

‘‘ಒಪ್ಕೊಂಡೆ ಕಣೇ.’’

‘‘ಸರಿ. ಹನುಮಕ್ಕನೂ ಇಲ್ಲೇ ಐತೆ, ಕೇಳಿಸ್ಕೊಳ್ಳಲಿ. ಡೈರಿ ಮಷೀನು ಎದ್ರೆ ಈ ಮೇಜು ಕಿಟಕಿ ಹತ್ರ ಇರಲಿ, ಇನ್ನು ನಾನು ಬಾಯಿ ತೆಗೆಯಲ್ಲ. ಏಳಲಿಲ್ಲ ಅಂದ್ರೆ ಮೇಜು ಕೊಟ್ಟಿಗೆಗೆ. ನೀವು ಕರುಗಳಿಗೆ ರೇಡಿಯೋ ಹಾಕ್ಕೊಂಡು ಅಲ್ಲೇ ಕೂತ್ಕೊಳ್ಳಿ.’’

‘‘ಆಗಲಿ’’ ಎಂದ ಬಸವರಾಜಪ್ಪ.

ಸುದ್ದಿ ಹಬ್ಬಿದ ಮೇಲೆ ಊರು ಸುಮ್ಮನಿರುತ್ತದೆಯೆ? ಅರವತ್ನಾಲ್ಕು ಕಾಲಿನ ಪ್ರಾಣಿಯನ್ನು ನೋಡಲು ಜನ ಬಂದರು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು.

‘‘ಇದು ಉಣ್ಣೆ ಕಣ್ಲಾ, ದನದ ಕಿವಿಯೊಳಗೆ ಇರ್ತದಲ್ಲ, ಅದೇ!’’

‘‘ಉಣ್ಣೆಗೆ ಇಷ್ಟು ಕಾಲು ಎಲ್ಲೈತೆ? ಜರಿಹುಳದ ಮರಿ ಇದು.’’

‘‘ಮೂಲೇಲಿ ಏನೋ ಚುಕ್ಕೆ ಐತಲ್ಲ ಬಸಣ್ಣ?’’

ಆ ಚುಕ್ಕೆ ಐಸಿಯನ್ನು ಯಾವ ಕಡೆ ತಿರುಗಿಸಿ ಕೂರಿಸಬೇಕು ಎಂದು ತಿಳಿಯಲು ಇಟ್ಟ ಗುರುತು ಎಂದು ಬಸವರಾಜಪ್ಪ ವಿವರಿಸಿದ. ಯಾರೂ ನಂಬಲಿಲ್ಲ. ಅಷ್ಟು ಅಂದವಾಗಿರುವುದಕ್ಕೆ ದೃಷ್ಟಿಬೊಟ್ಟು ಇಡದೆ ಇರುತ್ತಾರೆಯೆ ಎಂದರು ಹೆಂಗಸರು. ನನಗೂ ಅದೇ ಸರಿ ಎನಿಸಿತು.

ಬಸವರಾಜಪ್ಪ ಕೆಲಸ ಶುರು ಮಾಡಿದ. ಗಡ್ಡ ಹೆರೆಯುವ ಹೊಸ ಬ್ಲೇಡಿನಿಂದ ಹಳೆಯ ಐಸಿಯ ಕಾಲುಗಳನ್ನು ಒಂದೊಂದೇ ಕತ್ತರಿಸಿ ತೆಗೆದ. ನೋಡುತ್ತಿದ್ದವರು ‘ಅಯ್ಯೋ’ ಎಂದು ಕಣ್ಣು ಮುಚ್ಚಿಕೊಂಡರು. ದಪ್ಪ ಮೂತಿಯನ್ನು ಅರದಿಂದ ಉಜ್ಜಿ ಉಜ್ಜಿ ದಬ್ಬಣದ ತುದಿಯಂತೆ ಮಾಡಿದ. ಹೊಸ ಐಸಿಯನ್ನು ಹಲಗೆಯ ಮೇಲಿಟ್ಟು, ಉಸಿರು ಬಿಗಿ ಹಿಡಿದು, ಮೊದಲನೆಯ ಕಾಲಿಗೆ ಬೆಸುಗೆಯ ಲೆಡ್ಡು ಕರಗಿಸಿ ಮುಟ್ಟಿಸಿದ.

ಲೆಡ್ಡು ಒಂದು ಕಾಲಿಗೆ ನಿಲ್ಲಲಿಲ್ಲ. ಪಕ್ಕದ ಕಾಲನ್ನೂ ತಬ್ಬಿತು, ಅದರ ಪಕ್ಕದ್ದನ್ನೂ ಸೇರಿಸಿಕೊಂಡಿತು. ಒಂದು ಸಾಲು ಮುಗಿಯುವ ಹೊತ್ತಿಗೆ ಹದಿನಾರು ಕಾಲೂ ಸೇರಿ ಒಂದೇ ಮುದ್ದೆಯಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳ ನೋಡಿದಳು. ‘‘ಕಾಲು ಎಣಿಸೋ ಕಷ್ಟ ತಪ್ತು ಬುಡಿ’’ ಎಂದು ಒಳಗೆ ಹೋಗಿ ಅಳತೆ ಟೇಪು ತಂದು ಮೇಜಿನ ಉದ್ದ ಅಳೆದಳು.

‘‘ಈಗ್ಯಾಕೆ ಅಳೀತೀಯಾ?’’

‘‘ಕೊಟ್ಟಿಗೆ ಬಾಗಿಲಲ್ಲಿ ತೂರ್ತದೋ ಇಲ್ವೋ ನೋಡ್ಬೇಡ್ವಾ?’’

ಬಸವರಾಜಪ್ಪ ಸೋಲಲಿಲ್ಲ. ಹಳೆಯ ವೈರು ಸೀಳಿ ತಾಮ್ರದ ಎಳೆಗಳನ್ನು ತೆಗೆದ. ಅದನ್ನು ಜಡೆ ಹೆಣೆದು ಕೊಡು ಎಂದು ಹೆಂಡತಿಯನ್ನು ಕೇಳಿದ. ನನ್ನ ಜಡೆಗೇ ಪುರುಸೊತ್ತಿಲ್ಲ ಎಂದಳು. ತಾನೇ ಹೇಗೋ ತಿರುಚಿಕೊಂಡು, ಆ ತಾಮ್ರದ ಬತ್ತಿಯನ್ನು ಮುದ್ದೆಯ ಮೇಲಿಟ್ಟು ಕಡ್ಡಿಯಿಂದ ಒತ್ತಿದ. ಬಟ್ಟೆ ನೀರು ಹೀರುವ ಹಾಗೆ ಅದು ಲೆಡ್ಡನ್ನು ಹೀರಿತು. ಕಾಲುಗಳು ಮತ್ತೆ ಬೇರೆ ಬೇರೆಯಾಗಿ ಕಾಣಿಸಿಕೊಂಡವು. ಕಲ್ಲೇಶ ಚಪ್ಪಾಳೆ ಹೊಡೆದ.

ಹೀಗೆ ಮೆತ್ತುವುದು, ಹೀರಿಸುವುದು, ಮತ್ತೆ ಮೆತ್ತುವುದು ನಡೆಯುತ್ತಿದ್ದಾಗ ಬಸವರಾಜಪ್ಪನಿಗೆ ಒಂದು ಸಂಗತಿ ಹೊಳೆಯಿತು. ಕಾಲಿಗೊಂದರಂತೆ ಲೆಡ್ಡು ಕೊಡಹೋದರೆ ಕಾಲುಗಳು ಜಗಳವಾಡುತ್ತವೆ. ಮೂಲೆಯ ಎರಡು ಕಾಲನ್ನು ಮಾತ್ರ ಮೊದಲು ಭದ್ರ ಮಾಡಿ, ಸಾಲಿಗೆಲ್ಲ ರಾಳ ಬಳಿದು, ಕಡ್ಡಿಯ ತುದಿಯಲ್ಲಿ ಒಂದೇ ಹನಿ ಲೆಡ್ಡು ಹಿಡಿದು ಸಾಲಿನ ಉದ್ದಕ್ಕೂ ಮೆಲ್ಲಗೆ ಎಳೆದುಕೊಂಡು ಹೋದರೆ, ಪಂಕ್ತಿಯಲ್ಲಿ ತುಪ್ಪ ಬಡಿಸಿದ ಹಾಗೆ ಪ್ರತಿಯೊಂದು ಕಾಲೂ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. ಡೈರಿಯಿಂದ ಸ್ಪಿರಿಟ್ ತರಿಸಿ, ಸಾಂಬ್ರಾಣಿ ಅಂಗಡಿಯ ರಾಳವನ್ನು ಅದರಲ್ಲಿ ಕರಗಿಸಿ, ಕೋಳಿಪುಕ್ಕದಿಂದ ಬಳಿದ. ಕಡ್ಡಿ ಮುಟ್ಟಿಸಿದ ಕೂಡಲೇ ಘಮ್ಮೆಂದು ಹೊಗೆ ಎದ್ದು ಕಿಟಕಿಯಿಂದ ಬೀದಿಗೆ ಬಂತು.

ಬೀದಿಯಲ್ಲಿ ಹೋಗುತ್ತಿದ್ದವರು ಚಪ್ಪಲಿ ಬಿಟ್ಟರು. ಬಸಣ್ಣ ಮಷೀನಿಗೆ ಪೂಜೆ ಹಾಕಿಸುತ್ತಿದ್ದಾನೆ ಎಂದಾಯಿತು. ಒಬ್ಬಳು ಒಂದು ಮೊಳ ಕನಕಾಂಬರ ತಂದಳು. ಇನ್ನೊಬ್ಬರು ನಿಂಬೆಹಣ್ಣು ತಂದರು. ಬಸವರಾಜಪ್ಪ ತಲೆ ಎತ್ತದೆ, ‘‘ಗಾಳಿ ಬಿಡ್ರಪ್ಪ, ಉಸಿರು ಬಿಟ್ರೆ ಐಸಿ ಹಾರೋಗ್ತದೆ’’ ಎಂದ. ಜನ ಉಸಿರು ಕಟ್ಟಿ ನಿಂತರು. ಮೂರು ಸಾಲು ಚಿತ್ತಾರದಂತೆ ಮುಗಿದವು. ನಾಲ್ಕನೆಯ ಸಾಲಿನ ನಡುವೆ ಕರೆಂಟು ಹೋಯಿತು.

ಕರೆಂಟು ಬರುವ ತನಕ ಆ ಮನುಷ್ಯ ಕಡ್ಡಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ಕುಳಿತಿದ್ದ, ಕೈ ಇಳಿಸಿದರೆ ನಡುಕ ಬರುತ್ತದೆ ಎಂದು. ನೊಣವೊಂದು ಮೂಗಿನ ಮೇಲೆ ಕುಳಿತಿತು. ಕಲ್ಲೇಶ ಓಡಿಸಲು ಹೋದ. ‘‘ಬೇಡ ಬುಡು, ನೊಣವೇ ವಾಸಿ’’ ಎಂದ ಬಸವರಾಜಪ್ಪ.

ಅಂತೂ ಸಂಜೆಗೆ ಮುಗಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ಅರವತ್ನಾಲ್ಕು ಕಾಲೂ ಸ್ನಾನ ಮಾಡಿ ನಿಂತವರ ಹಾಗೆ ಬೇರೆ ಬೇರೆಯಾಗಿ ಹೊಳೆಯುತ್ತಿದ್ದವು. ಹಲಗೆಯನ್ನು ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿ, ತಿರುಪು ಬಿಗಿದ. ವೈರು ಸಿಕ್ಕಿಸಿದರೆ ಕೆಂಪು ಸೊನ್ನೆಗಳು ಹೊತ್ತಿಕೊಂಡವು. ಜನ ‘ಹೋ’ ಎಂದರು. ಸರ್ವಮಂಗಳ ಅಳತೆ ಟೇಪನ್ನು ಮೆಲ್ಲಗೆ ಸುತ್ತತೊಡಗಿದಳು.

ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆಗಲೇ ಜನ ದಾರಿ ಬಿಟ್ಟರು, ತಿಮ್ಮಯ್ಯ ಬಂದ.

ಬಂದವನೇ ವೈರು ಕಿತ್ತ. ಮಷೀನನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದ. ಕಣ್ಣು ಮುಚ್ಚಿದ. ಅಲ್ಲಾಡಿಸಿದ.

ಒಳಗೆ ಗಲಗಲ ಎಂದಿತು.

ತಿಮ್ಮಯ್ಯನ ಮುಖ ಅರಳಿತು. ಇನ್ನೊಮ್ಮೆ ಅಲ್ಲಾಡಿಸಿ ಸುತ್ತಲಿದ್ದವರಿಗೂ ಕೇಳಿಸಿದ. ‘‘ಆಗೈತೆ ಕಣ್ರಪ್ಪ! ಒಳ್ಳೆ ಕೊಬ್ಬರಿ ಮಾತಾಡ್ದಂಗೆ ಮಾತಾಡ್ತೈತೆ. ಭೇಷ್ ಕಣ್ಲಾ ಬಸಣ್ಣ, ಬಲಿಸ್ಬುಟ್ಟೆ!’’

ಜನ ಕೇಕೆ ಹಾಕಿದರು. ಒಬ್ಬ ಬಸವರಾಜಪ್ಪನ ಮುಖ ಮಾತ್ರ ಮಜ್ಜಿಗೆಯಂತಾಯಿತು. ರೇಡಿಯೋ ಜನಕ್ಕೆ ಗಲಗಲ ಎಂದರೆ ಒಳಗೆ ಏನೋ ಕಳಚಿ ಬಿದ್ದಿದೆ ಎಂದರ್ಥ. ಬಹುಶಃ ಲೆಡ್ಡಿನ ಒಂದು ಗುಂಡು, ಎಳ್ಳಿನಷ್ಟು ಇರಬಹುದು. ಅದು ಓಡಾಡಿಕೊಂಡು ಯಾವ ಎರಡು ಕಾಲಿನ ನಡುವೆ ಹೋಗಿ ಕುಳಿತರೂ ಅಲ್ಲಿಗೆ ಮುಗಿಯಿತು.

‘‘ತಿಮ್ಮಯ್ಯಣ್ಣ, ಒಂದು ಸಲ ಬಿಚ್ಚಿ ನೋಡ್ತೀನಿ...’’

‘‘ಯಾತಕ್ಕೆ?’’

‘‘ಗಲಗಲ ಅಂತಲ್ಲ...’’

‘‘ಅದಕ್ಕೇ ಬಿಚ್ಚಬಾರದು! ಆಗೈತೆ ಅಂದ ಮೇಲೆ ಮತ್ತೆ ಅಟ್ಟಕ್ಕೆ ಹಾಕ್ತಾರೇನ್ಲಾ? ನನ್ನ ಕಿವಿ ಮೇಲೆ ಅನುಮಾನವಾ?’’

ಸರ್ವಮಂಗಳ ಸುತ್ತುತ್ತಿದ್ದ ಟೇಪು ನಿಂತಿತು. ‘‘ಯಾಕ್ರೀ? ಇನ್ನೂ ಸರಿಯಾಗಿಲ್ವಾ?’’

ಬಸವರಾಜಪ್ಪ ತಿಮ್ಮಯ್ಯನ ಕಿವಿಯನ್ನು ನೋಡಿದ, ಹೆಂಡತಿಯ ಕೈಯ ಟೇಪನ್ನು ನೋಡಿದ, ತನ್ನ ಮೇಜನ್ನು ನೋಡಿದ. ‘‘ಆಗೈತೆ, ಆಗೈತೆ’’ ಎಂದುಬಿಟ್ಟ. ಮಷೀನಿಗೆ ಕನಕಾಂಬರ ಸುತ್ತಿ ಡೈರಿಗೆ ಹೊತ್ತುಕೊಂಡು ಹೋದರು. ದಾರಿಯುದ್ದಕ್ಕೂ ಹೊತ್ತವರು ಸರದಿಯಂತೆ ಅಲ್ಲಾಡಿಸಿ ಸಂತೋಷಪಡುತ್ತಿದ್ದರು.

ಮರುದಿನ ಬೆಳಿಗ್ಗೆ ಮಷೀನನ್ನು ಪರೀಕ್ಷೆ ಮಾಡಲು ಹಾಲು ಒಕ್ಕೂಟದ ಸೂಪರ್‌ವೈಜರ್ ವನಜಾಕ್ಷಿ ಮೇಡಂ ಬರುತ್ತಾರೆ ಎಂದಿತ್ತು. ಅವರು ಬರುವ ಮುಂಚೆಯೇ ಹಾಲು ಹಾಕುವುದು ಶುರುವಾಯಿತು. ಮೊದಲ ಗೌರವ ತಿಮ್ಮಯ್ಯನಿಗೆ. ತಿಮ್ಮಯ್ಯನ ಕಿವಿಯ ಬಗ್ಗೆ ಊರಲ್ಲಿ ಎಷ್ಟು ನಂಬಿಕೆಯೋ ಅವನ ಹಾಲಿನ ಬಗ್ಗೆ ಅಷ್ಟೇ ಅಪನಂಬಿಕೆ. ಅವನ ಹಸು ಕೆರೆಯ ಏರಿಯ ಮೇಲೆ ಮೇಯುತ್ತದೋ ಕೆರೆಯನ್ನೇ ಮೇಯುತ್ತದೋ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆ ಹಾಲನ್ನು ಮಷೀನು ಹೀರಿತು, ಗೊರಗೊರ ಎಂದಿತು. ಕೆಂಪು ಅಂಕಿ ಬಂತು. ಒಂಬತ್ತು ಪಾಯಿಂಟ್ ನಾಲ್ಕು.

ಎಮ್ಮೆಯ ಹಾಲಿಗೂ ಅಷ್ಟು ಬರುವುದಿಲ್ಲ.

‘‘ನೋಡಿದ್ರಾ?’’ ಎಂದ ತಿಮ್ಮಯ್ಯ. ‘‘ಮೊದಲು ಮಷೀನು ಹಸಿಯಾಗಿತ್ತು. ಅದಕ್ಕೇ ಎರಡೂವರೆ ಎರಡೂವರೆ ಅಂತಿತ್ತು. ಈಗ ಬಲಿತು ನಿಜ ಹೇಳ್ತೈತೆ.’’

ಆಮೇಲೆ ಬಂದವರಿಗೂ ಎಂಟು, ಒಂಬತ್ತು. ಸರ್ವಮಂಗಳಳ ಹಸುವಿಗೆ ಎಂಟು ಪಾಯಿಂಟ್ ಆರು. ಅವಳು ಜನ್ಮದಲ್ಲಿ ಮೊದಲ ಸಲ ಗಂಡನ ಬಗ್ಗೆ ನಾಲ್ಕು ಜನರ ಮುಂದೆ ‘‘ನಮ್ಮನೆಯವರು ಮಾಡಿದ್ದು’’ ಎಂದಳು. ಬಸವರಾಜಪ್ಪ ಗೋಡೆಗೆ ಒರಗಿಕೊಂಡು ಬೆವರುತ್ತಿದ್ದ. ಜನ ಅದನ್ನು ವಿನಯವೆಂದು ತಿಳಿದರು.

ನನ್ನ ಸರದಿ ಬಂತು. ನನ್ನ ಎಮ್ಮೆಯ ಹಾಲು ಲೋಟಕ್ಕೆ ಹಾಕಿ ಬೋರಲು ಮಾಡಿದರೆ ಲೋಟಕ್ಕೆ ಸುಣ್ಣ ಬಳಿದಂತಿರುತ್ತದೆ. ಕಲ್ಲೇಶ ಮಷೀನನ್ನು ಸ್ವಲ್ಪ ಈಚೆಗೆ ಎಳೆದುಕೊಂಡ. ಒಳಗೆ ಗುಂಡು ಉರುಳಿದ ಸದ್ದು ಕೇಳಿಸಿತು. ಮಷೀನು ಹೀರಿತು. ಒಂದು ಪಾಯಿಂಟ್ ಎರಡು.

‘‘ಹನುಮಕ್ಕ!’’ ಎಂದರು ಎಲ್ಲರೂ ಒಟ್ಟಿಗೆ. ‘‘ಈ ವಯಸ್ಸಲ್ಲಿ ನೀರು ಹಾಕೋದಾ?’’

‘‘ನಾನು ಹಾಕಿಲ್ರಪ್ಪ!’’

‘‘ಬಲಿತ ಮಷೀನು ಸುಳ್ಳು ಹೇಳಲ್ಲ ತಾಯಿ’’ ಎಂದ ತಿಮ್ಮಯ್ಯ, ಮಠದ ಸ್ವಾಮಿಗಳಂತೆ. ‘‘ಹೋಗ್ಲಿ ಬುಡ್ರಿ, ವಯಸ್ಸಾಗೈತೆ, ಕೈ ತಪ್ಪಿರ್ತದೆ.’’

ನಾನು ತಾಳ್ಮೆಯವಳೆಂದು ಊರಲ್ಲಿ ಹೆಸರು. ಆ ಹೆಸರು ಅಂದು ಕೂದಲೆಳೆಯಲ್ಲಿ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಮೊಪೆಡ್ಡಿನ ಸದ್ದಾಗಿ ವನಜಾಕ್ಷಿ ಮೇಡಂ ಒಳಗೆ ಬಂದರು.

ಮೇಡಂ ಅಂಕಿಗಳನ್ನು ನೋಡಿದರು. ಜನರ ಮುಖಗಳನ್ನು ನೋಡಿದರು. ಹಿತ್ತಿಲಿಗೆ ಹೋಗಿ ತೊಟ್ಟಿಯಿಂದ ಒಂದು ಲೋಟ ನೀರು ತಂದು ಮಷೀನಿಗೆ ಕುಡಿಸಿದರು.

ಆರು ಪಾಯಿಂಟ್ ಎಂಟು.

‘‘ನಿಮ್ಮೂರಿನ ನೀರು ಬಹಳ ಪುಷ್ಟಿಯಾಗಿದೆ ರೀ’’ ಎಂದರು ಮೇಡಂ. ‘‘ಮೊಸರಿಗೆ ಹೆಪ್ಪು ಹಾಕ್ತೀರೋ ಹೇಗೆ? ಈ ಮಷೀನ್ ರಿಪೇರಿ ಮಾಡಿದ್ದು ಯಾರು?’’

ಎಲ್ಲರೂ ಬಸವರಾಜಪ್ಪನಿಂದ ಒಂದೊಂದು ಹೆಜ್ಜೆ ದೂರ ಸರಿದರು. ಅವನ ಪಕ್ಕದಲ್ಲಿ ಗೋಡೆ ಮಾತ್ರ ಉಳಿಯಿತು.

‘‘ಮೇಡಂ, ನಾನೇ. ಒಳಗೆ ಗಲಗಲ ಅಂತೈತೆ. ಅನ್ನಬಾರದು.’’

‘‘ಅನ್ನಬಾರದಾ?’’ ಎಂದು ತಿಮ್ಮಯ್ಯ ಕೂಗಿದ. ‘‘ಗಲಗಲ ಅನ್ನದಿದ್ರೆ ಅದು ಹಸಿ ಕಣ್ಲಾ!’’

‘‘ಅಣ್ಣಾ, ಕೊಬ್ಬರಿ ಬಿಟ್ಕೊಂಡ್ರೆ ಲಾಭ. ಐಸಿ ಬಿಟ್ಕೊಳ್ಳಬಾರದು, ಕಚ್ಕೊಂಡಿರಬೇಕು.’’

‘‘ಕಚ್ಕೊಂಡಿರೋದು ಎಳನೀರು!’’

‘‘ಹೌದಣ್ಣ. ಇದು ಎಳನೀರು ಜಾತಿ.’’

‘‘ನೀನು ಎಳನೀರಿಗಾ ಹೂವು ಸುತ್ತಿ ಮೆರವಣಿಗೆ ಮಾಡಿಸಿದ್ದು?’’

ಈ ಚರ್ಚೆ ಎಷ್ಟು ಹೊತ್ತು ನಡೆಯುತ್ತಿತ್ತೋ, ಹೊರಗೆ ಹಾಲಿನ ಲಾರಿ ಹಾರನ್ ಹೊಡೆಯತೊಡಗಿತು. ಮೇಡಂ ಗಡಿಯಾರ ನೋಡಿಕೊಂಡರು. ಲಾರಿ ಹೊರಡುವಷ್ಟರಲ್ಲಿ ಸರಿಯಾದರೆ ಆಯಿತು, ಇಲ್ಲದಿದ್ದರೆ ಮಷೀನಿಗೆ ಸೀಲು ಹಾಕಿಸುತ್ತೇನೆ, ನಾಳೆಯಿಂದ ಪಕ್ಕದ ಹಳ್ಳಿಗೇ ನಡೆಯಿರಿ ಎಂದರು. ಬಾಗಿಲಲ್ಲಿದ್ದ ಸರ್ವಮಂಗಳ ಗಂಡನನ್ನು ನೋಡಿದಳು. ಅವಳ ಕೈಯಲ್ಲಿ ಟೇಪಿರಲಿಲ್ಲ, ಆದರೆ ಅವಳು ಕಣ್ಣಿನಲ್ಲೇ ಅಳೆಯಬಲ್ಲವಳು.

ಬಸವರಾಜಪ್ಪ ಜೊತೆಗೆ ತಂದಿದ್ದ ಸಾಮಾನಿನ ಚೀಲ ತೆಗೆದು ತಿರುಪು ಬಿಚ್ಚಿದ. ಮಷೀನನ್ನು ಬೋರಲು ಹಾಕಿ, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಮೆಲ್ಲಗೆ ಕೇರಿದ. ಬಿಳಿ ಟವೆಲ್ಲಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಏನೋ ಉದುರಿತು. ಎಳ್ಳಿಗಿಂತ ಸಣ್ಣದು. ಜನ ಬಗ್ಗಿ ನೋಡಿದರು. ಇಷ್ಟು ಸಣ್ಣ ಗುಂಡು ನೀರನ್ನು ಎಮ್ಮೆ ಹಾಲು ಮಾಡಿತೆ, ಎಮ್ಮೆ ಹಾಲನ್ನು ನೀರು ಮಾಡಿತೆ ಎಂದು ಅದರ ಬಗ್ಗೆ ಒಂದು ತರಹ ಭಕ್ತಿ ಹುಟ್ಟಿತು. ಬಸವರಾಜಪ್ಪ ಪುಕ್ಕದಿಂದ ಹಲಗೆಯನ್ನೆಲ್ಲ ಒರೆಸಿ, ಭೂತಗನ್ನಡಿ ಹಿಡಿದು ನಾಲ್ಕು ಸಾಲನ್ನೂ ನೋಡಿ ಮುಚ್ಚಳ ಹಾಕುವುದರಲ್ಲಿದ್ದ.

‘‘ಇರಿ’’ ಎಂದು ಮೇಡಂ ಭೂತಗನ್ನಡಿ ಇಸಿದುಕೊಂಡರು. ಬಗ್ಗಿದರು. ಬಗ್ಗಿಯೇ ಇದ್ದರು. ಹೊರಗೆ ಲಾರಿಯವನು ಮತ್ತೆ ಮತ್ತೆ ಹಾರನ್ ಹೊಡೆದ. ‘‘ಇದನ್ನ ಕೈಯಲ್ಲಿ ಹಾಕಿದ್ರಾ?’’

‘‘ಹೂಂ ಮೇಡಂ. ಎಳೆದು ಹಾಕೋದು. ರಾಳ ಇದ್ರೆ ಲೆಡ್ಡೇ ದಾರಿ ಹುಡುಕ್ಕೊಳ್ತದೆ.’’

‘‘ಕಡ್ಡಿ ಓರೆ ಹಿಡೀಬೇಕಾ, ನೆಟ್ಟಗಾ?’’

‘‘ಸ್ವಲ್ಪ ಓರೆ. ಕರು ಮೂತಿ ಸವರಿದಂಗೆ.’’

ಕೊನೆಗೆ ಲಾರಿಯವನೇ ಬಯ್ಯಲು ಒಳಗೆ ಬಂದ. ಅವನಿಗೂ ಭೂತಗನ್ನಡಿ ಸಿಕ್ಕಿತು. ಅವನೂ ಬಯ್ಯುವುದನ್ನು ಮರೆತು ಬಗ್ಗಿದ.

ಮುಚ್ಚಳ ಹಾಕಿ ಅಲ್ಲಾಡಿಸಿದರೆ ಮಷೀನು ತುಟಿ ಪಿಟಕ್ಕೆನ್ನಲಿಲ್ಲ. ತಿಮ್ಮಯ್ಯ ಮುಖ ತಿರುಗಿಸಿಕೊಂಡ. ಮೇಡಂ ಮೊದಲು ನೀರು ಕುಡಿಸಿದರು. ಸೊನ್ನೆ. ನನ್ನ ಎಮ್ಮೆಯ ಹಾಲು, ಏಳು ಪಾಯಿಂಟ್ ಒಂದು. ನಾನು ಸುತ್ತಲೂ ನಿಧಾನವಾಗಿ, ಒಬ್ಬೊಬ್ಬರ ಮುಖವನ್ನೂ ನೋಡಿದೆ. ಸರ್ವಮಂಗಳಳ ಹಸು, ಮೂರು ಪಾಯಿಂಟ್ ಆರು. ತಿಮ್ಮಯ್ಯನದು ಎರಡು ಪಾಯಿಂಟ್ ಮೂರು.

‘‘ಮಷೀನ್ ಇಲ್ಲೇ ಇರಲಿ. ಹಾಲೂ ಇಲ್ಲೇ ಹಾಕಿ’’ ಎಂದು ಹೇಳಿ ಮೇಡಂ ಹೊರಟರು.

ಊರು ಗೆದ್ದಿತ್ತು. ಆದರೆ ಗೆದ್ದವರ ಮುಖ ಯಾವುದೂ ಅಲ್ಲಿ ಕಾಣಲಿಲ್ಲ. ಒಂಬತ್ತು ಕಂಡ ಕಣ್ಣಿಗೆ ಮೂರು ಹಿಡಿಸುತ್ತದೆಯೆ? ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು, ಬಲಿತಿದ್ದ ಮಷೀನನ್ನು ಬಸವರಾಜಪ್ಪ ಬಿಚ್ಚಿ ಕೆಡಿಸಿದ ಎಂದು. ಬಿಸಿಲು ಇಳಿಯುವ ಮುಂಚೆ ತಿಮ್ಮಯ್ಯ ನಾಲ್ಕು ಜನರನ್ನು ಕರೆದುಕೊಂಡು ಎದುರು ಮನೆಗೆ ಬಂದ. ನಾನು ಮೊರ ಹಿಡಿದು ಜಗಲಿಗೆ ಬಂದೆ.

‘‘ನೋಡವ್ವ ಸರ್ವಮಂಗಳ’’ ಎಂದ ತಿಮ್ಮಯ್ಯ. ‘‘ನಿನ್ನ ಮಾತು ನಾವು ಇಷ್ಟು ದಿನ ಕೇಳಲಿಲ್ಲ, ತಪ್ಪು ನಮ್ಮದೇ. ಈ ಮೇಜು ಕಿಟಕಿ ಹತ್ರ ಇರಬಾರದು. ಊರ ಫ್ಯಾಟ್ ತೆಗೆದ ಮೇಜು ಇದು. ನೀನು ಒಬ್ಬಳೇ ಹೊರೋಕಾಗಲ್ಲ ಅಂತ ನಾವೇ ಬಂದಿದೀವಿ. ಕೊಟ್ಟಿಗೆ ಬಾಗಿಲು ತೆಗಿ.’’

ನಾಲ್ವರೂ ಒಳಗೆ ಹೋಗಿ ಮೇಜಿನ ನಾಲ್ಕು ಮೂಲೆ ಹಿಡಿದರು. ಬಸವರಾಜಪ್ಪ ಕಡ್ಡಿ ಮತ್ತು ಭೂತಗನ್ನಡಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿದ. ಮೇಜು ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು. ವರ್ಷಗಟ್ಟಲೆ ಸರ್ವಮಂಗಳ ಬೇಡಿಕೊಂಡಿದ್ದ ದೃಶ್ಯ ಅದು.

‘‘ಇಳಿಸ್ರಿ’’ ಎಂದಳು ಅವಳು.

‘‘ಕೊಟ್ಟಿಗೆಗೆ ತಾನೆ?’’

‘‘ಇಳಿಸ್ರಿ ಅಂದೆ! ಎಲ್ಲಿಂದ ಎತ್ತಿದ್ರೋ ಅಲ್ಲೇ! ನಮ್ಮನೆ ಮೇಜು, ಕೊಟ್ಟಿಗೆಗೆ ಹಾಕ್ತೀನೋ ದೇವರ ಕೋಣೆಗೆ ಹಾಕ್ತೀನೋ, ಅದನ್ನ ನಾನು ಹೇಳ್ಬೇಕು. ನಮ್ಮನೆಯವರನ್ನ ಬಯ್ಯೋಕೆ ನಾನೊಬ್ಬಳು ಇದೀನಿ, ಸಾಲದಾ? ಎರಡು ಚಿಲ್ಲರೆ ಫ್ಯಾಟಿನವರೆಲ್ಲ ಬಂದು ನಮ್ಮನೆ ಸಾಮಾನು ಎತ್ತೋ ಹಂಗಾಯ್ತಾ?’’

‘‘ನೀನೇ ಅಲ್ವೇನವ್ವ ಹೇಳ್ತಿದ್ದಿದ್ದು...’’

‘‘ಮಷೀನು ಎದ್ರೆ ಮೇಜು ಇಲ್ಲೇ ಅಂದಿದ್ದೆ. ಎದ್ದೈತೆ. ಹನುಮಕ್ಕನ್ನ ಕೇಳು, ಸಾಕ್ಷಿ ಅಲ್ಲೇ ಕೂತೈತೆ.’’

‘‘ಹೌದಪ್ಪ, ಅಂದಿದ್ಲು’’ ಎಂದೆ ನಾನು ಜಗಲಿಯಿಂದಲೇ. ಏಳು ಪಾಯಿಂಟ್ ಒಂದು ಇರುವವರ ಮಾತಿಗೆ ಒಂದು ತೂಕವಿರುತ್ತದೆ.

ಮೇಜು ಇಳಿಯಿತು. ನಾಲ್ವರೂ ಹೊರಗೆ ಬಂದರು. ಕೊನೆಯವನಾಗಿ ಬಂದ ತಿಮ್ಮಯ್ಯ ಹೊಸಲಿನಲ್ಲಿ ನಿಂತು, ದನಿ ತಗ್ಗಿಸಿ, ಆ ಗುಂಡು ಎಲ್ಲಿಟ್ಟಿದ್ದೀಯಾ ಎಂದು ಬಸವರಾಜಪ್ಪನನ್ನು ಕೇಳಿದ. ಸರ್ವಮಂಗಳ ಪೊರಕೆಯ ಕಡೆ ನೋಡಿದಳು. ಉತ್ತರಕ್ಕೆ ಕಾಯದೆ ತಿಮ್ಮಯ್ಯ ಹೊರಟುಹೋದ.

ಬಸವರಾಜಪ್ಪ ಹಲ್ಲು ಬಿಟ್ಟುಕೊಂಡು ಮೇಜಿನ ಮುಂದೆ ಕುಳಿತ.

‘‘ಏನು ನಗೋದು? ಸರೀರಿ ಅತ್ಲಾಗೆ’’ ಎಂದಳು ಸರ್ವಮಂಗಳ. ಗೋಣಿತಾಟು ಕಿತ್ತೆಸೆದು, ಹೊಲಿಗೆ ಮಷೀನನ್ನು ಅದರ ಕಬ್ಬಿಣದ ಕಾಲಿನಿಂದ ಬಿಡಿಸಿ, ತಂದು ಮೇಜಿನ ಮೇಲೆ ಕುಕ್ಕಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತೆಗೆದು, ಮೇಜಿನ ನಡುವೆ ಈ ಅಂಚಿನಿಂದ ಆ ಅಂಚಿಗೆ ನೆಟ್ಟಗೆ ಒಂದು ಗೆರೆ ಎಳೆದಳು. ‘‘ಮೇಜು ಇರ್ತದೆ ಅಂದಿದ್ದೆ, ಇದೆ. ಇದು ನಿಮ್ಮ ಕಡೆ, ಇದು ನನ್ನ ಕಡೆ. ನಿಮ್ಮ ಲೆಡ್ಡು ಈ ಕಡೆ ಬರಬಾರದು, ನನ್ನ ದಾರ ಆ ಕಡೆ ಬರಲ್ಲ.’’

ಮರುದಿನ ಬೆಳಿಗ್ಗೆ ಹಾಲು ಹಾಕಿ ಬರುವಾಗ ಕಿಟಕಿಯಲ್ಲಿ ಇಣುಕಿದೆ. ಸರ್ವಮಂಗಳ ಕೈಯಿಂದ ಚಕ್ರ ತಿರುಗಿಸುತ್ತ ಕಟಕಟ ಹೊಲಿಯುತ್ತಿದ್ದಳು. ಸುಣ್ಣದ ಗೆರೆ ರಾತ್ರೋರಾತ್ರಿ ಒಂದು ಗೇಣು ಬಸವರಾಜಪ್ಪನ ಕಡೆಗೆ ಸರಿದಿತ್ತು. ಅವನು ಭೂತಗನ್ನಡಿ ಹಿಡಿದು, ಮೂಗು ಮೇಜಿಗೆ ತಾಗುವಷ್ಟು ಬಗ್ಗಿ, ಅದು ಹೇಗೆ ಸರಿಯಿತು ಎಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದ.